ಗಲೀಸಿಯನ್ ಮತ್ತು ಸೆಬುವಾನೊ ಭಾಷೆಗಳು: ಚಾರಿತ್ರಿಕ ತುಲನೆ

ಸ್ಪೇನ್ ದೇಶದ ವಾಯವ್ಯ ಭಾಗದಲ್ಲಿರುವ ಗಲೀಸಿಯ ಪ್ರಾಂತದ ನುಡಿಯಾದ ಗಲೀಸಿಯನ್ನಿಗೂ, ಫಿಲಿಪ್ಪೀನ್ಸ್ ದ್ವೀಪಸ್ತೋಮದ ನಡುವಣ ಸೆಬು ದ್ವೀಪದಿಂದ ಹೆಸರು ಪಡೆದ ಸೆಬುವಾನೊ ಭಾಷೆಗೂ ವಂಶದಿಂದಾಗಲಿ ವ್ಯಾಕರಣದಿಂದಾಗಲಿ ಯಾವ ನಂಟೂ ಇಲ್ಲ. ಆದರೆ ಸ್ಪ್ಯಾನಿಷ್ ಎಂದು ಲೋಕಪ್ರಸಿದ್ಧವಾದ ಕ್ಯಾಸ್ಟಿಲಿಯನ್ ಭಾಷೆ ಎರಡರ ಮೇಲೂ ಹಲವು ಶತಮಾನಗಳ ಕಾಲ ರಾಜಭಾಷೆಯಾಗಿ ನಿಂತಿತು. ಒಂದೇ ಪ್ರಭುತ್ವ ತನ್ನ ಒಡಹುಟ್ಟಿದ ನುಡಿಯನ್ನು ಹೇಗೆ ಕುಗ್ಗಿಸಿತು, ತನಗೆ ತೀರ ಅಪರಿಚಿತವಾದ ನುಡಿಯಲ್ಲಿ ಯಾವ ಗುರುತನ್ನು ಉಳಿಸಿತು ಎಂಬುದನ್ನು ಅರಿಯಲು ಈ ಎರಡು ಭಾಷೆಗಳ ಚರಿತ್ರೆಯನ್ನು ಜೊತೆಯಲ್ಲಿಟ್ಟು ನೋಡುವುದು ಅತ್ಯಂತ ಉಪಯುಕ್ತವಾದುದು.

ಮೂಲ: ರೋಮನ್ ಸಾಮ್ರಾಜ್ಯದ ಗಲ್ಲೇಸಿಯ ಪ್ರಾಂತದಲ್ಲಿ ಜನಸಾಮಾನ್ಯರು ಆಡುತ್ತಿದ್ದ ಲ್ಯಾಟಿನ್ನಿನಿಂದ ಗಲೀಸಿಯನ್ ಹುಟ್ಟಿತು. ಸ್ವರಮಧ್ಯದ ನಕಾರವನ್ನು ಬಿಟ್ಟುಬಿಡುವುದು ಇದರ ವಿಶಿಷ್ಟ ಲಕ್ಷಣ. ಚಂದ್ರನಿಗೆ ಕ್ಯಾಸ್ಟಿಲಿಯನ್ನಿನಲ್ಲಿ ‘ಲೂನ’ ಎಂದು ಉಳಿದ ಲ್ಯಾಟಿನ್ ಪದ ಇಲ್ಲಿ ‘ಲೂಅ’ ಎಂದಾಯಿತು. ಮಧ್ಯಯುಗದಲ್ಲಿ ಗಲೀಸಿಯನ್ ಮತ್ತು ಪೋರ್ಚುಗೀಸ್ ಒಂದೇ ಭಾಷೆಯಾಗಿದ್ದುವು. ಹನ್ನೆರಡನೆಯ ಶತಮಾನದಲ್ಲಿ ಪೋರ್ಚುಗಲ್ ಪ್ರತ್ಯೇಕ ರಾಜ್ಯವಾದ ತರುವಾಯ ಅವುಗಳ ಮಾರ್ಗಗಳು ಕ್ರಮೇಣ ಬೇರೆಯಾದುವು.

ಸೆಬುವಾನೊ ಆಸ್ಟ್ರೊನೇಷ್ಯನ್ ಭಾಷಾಕುಟುಂಬದ ಬಿಸಾಯ ಶಾಖೆಗೆ ಸೇರಿದುದು. ಆಡುವವರು ಅದನ್ನು ಬಿಸಾಯ ಎಂದೇ ಕರೆಯುವುದುಂಟು. ಮಡಗಾಸ್ಕರಿನಿಂದ ಈಸ್ಟರ್ ದ್ವೀಪದ ಪರ್ಯಂತ ಹಬ್ಬಿರುವ ಈ ಕುಟುಂಬದ ಬಾಂಧವ್ಯ ಸಂಖ್ಯಾವಾಚಕಗಳಲ್ಲಿ ಇಂದಿಗೂ ಸ್ಪಷ್ಟ: ಐದಕ್ಕೆ ಸೆಬುವಾನೊದಲ್ಲೂ ಮಲಯ್ ಭಾಷೆಯಲ್ಲೂ ‘ಲಿಮ’ ಎಂದೇ ಹೆಸರು. ಯೂರೋಪಿನವರು ಬರುವ ಮೊದಲೇ ಭಾರತೀಯ ಸಂಸ್ಕೃತಿಯ ಅಲೆ ಈ ದ್ವೀಪಗಳನ್ನು ಮುಟ್ಟಿದ್ದಿತೆಂಬುದಕ್ಕೆ ಸಂಸ್ಕೃತದ ‘ದೇವತಾ’ ಶಬ್ದದಿಂದ ಬಂದ ‘ದಿವಾತ’ ಎಂಬ ಪದ ಸಾಕ್ಷಿಯಾಗಿದೆ.

ವೈಭವ ಮತ್ತು ಅವನತಿ: ಹನ್ನೆರಡರಿಂದ ಹದಿನಾಲ್ಕನೆಯ ಶತಮಾನದವರೆಗೆ ಗಲೀಸಿಯನ್-ಪೋರ್ಚುಗೀಸ್ ಐಬೀರಿಯ ಪರ್ಯಾಯದ್ವೀಪದ ಬಹುಭಾಗದಲ್ಲಿ ಭಾವಗೀತೆಯ ಭಾಷೆಯಾಗಿ ಮಾನ್ಯವಾಗಿದ್ದಿತು. ಆ ಕಾಲದ ಕವಿ ಮಾರ್ತಿನ್ ಕೊದಾಕ್ಸನ ಏಳು ಗೀತೆಗಳು ನಮಗೆ ಉಳಿದುಬಂದಿವೆ. ಕ್ಯಾಸ್ಟಿಲಿಯನ್ ಗದ್ಯಕ್ಕೆ ಭದ್ರವಾದ ಬುನಾದಿ ಹಾಕಿದ ದೊರೆ ಹತ್ತನೆಯ ಅಲ್ಫೊನ್ಸೊ ಕೂಡ ಮೇರಿ ಮಾತೆಯ ಸ್ತುತಿಗೀತೆಗಳ ತನ್ನ ಮಹಾಸಂಕಲನಕ್ಕೆ ಈ ಭಾಷೆಯನ್ನೇ ಆರಿಸಿಕೊಂಡನು. ಹದಿನೈದನೆಯ ಶತಮಾನದಿಂದೀಚೆಗೆ ಕ್ಯಾಸ್ಟೀಲಿನ ಕುಲೀನರೂ ಅಧಿಕಾರಿಗಳೂ ಗಲೀಸಿಯದಲ್ಲಿ ನೆಲೆಗೊಳ್ಳಲು, ಬರವಣಿಗೆ, ನ್ಯಾಯಸ್ಥಾನ, ಧರ್ಮಪೀಠ ಎಲ್ಲವೂ ಅವರ ಭಾಷೆಗೆ ವಶವಾದುವು. ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗಿನ ಅವಧಿಯನ್ನು ಗಲೀಸಿಯದ ಚರಿತ್ರಕಾರರು ‘ಕತ್ತಲೆಯ ಶತಮಾನಗಳು’ ಎಂದು ಕರೆಯುತ್ತಾರೆ. ಭಾಷೆ ರೈತರ ಮತ್ತು ಬೆಸ್ತರ ಬಾಯಲ್ಲಿ ಜೀವಂತವಾಗಿದ್ದರೂ ಪುಸ್ತಕದಿಂದ ಬಹುಮಟ್ಟಿಗೆ ದೂರವಾಗಿದ್ದಿತು.

ಇದೇ ಅವಧಿಯಲ್ಲಿ ಸೆಬುವಾನೊ ಭಾಷೆ ಲಿಖಿತ ಚರಿತ್ರೆಯನ್ನು ಪ್ರವೇಶಿಸಿತು. 1521ರಲ್ಲಿ ನಾವಿಕ ಮೆಗಲನ್ನನೊಡನೆ ಸೆಬುವಿಗೆ ಬಂದ ಇಟಲಿಯ ಅಂತೋನಿಯೊ ಪಿಗಫೆತ್ತ ಅಲ್ಲಿನ ಜನರ ಪದಗಳ ಪಟ್ಟಿಯೊಂದನ್ನು ಬರೆದುಕೊಂಡನು. 1565ರಲ್ಲಿ ದಂಡಯಾತ್ರೆಯ ನಾಯಕ ಲೆಗಾಸ್ಪಿ ಅದೇ ದ್ವೀಪದಲ್ಲಿ ಫಿಲಿಪ್ಪೀನ್ಸಿನ ಮೊದಲ ಶಾಶ್ವತ ಸ್ಪ್ಯಾನಿಷ್ ನೆಲೆಯನ್ನು ಸ್ಥಾಪಿಸಿದನು. ಆದರೂ ಸ್ಪ್ಯಾನಿಷ್ ಇಲ್ಲಿ ಜನಭಾಷೆಯಾಗಲಿಲ್ಲ. ವಲಸೆ ಬಂದ ಸ್ಪೇನಿಗರು ವಿರಳವಾಗಿದ್ದುದೂ, ಪಾದ್ರಿಗಳು ದೇಶೀಯ ನುಡಿಗಳನ್ನು ಕಲಿತು ಅವುಗಳಲ್ಲಿಯೇ ಧರ್ಮಬೋಧನೆ ಮಾಡಿದುದೂ ಇದಕ್ಕೆ ಮುಖ್ಯ ಕಾರಣಗಳು. ಹತ್ತೊಂಬತ್ತನೆಯ ಶತಮಾನದ ನಡುವೆ ಹುವಾನ್ ಫೆಲಿಕ್ಸ್ ದೆ ಲ ಎನ್‌ಕಾರ್ನಸಿಯೋನ್ ಎಂಬ ಸನ್ಯಾಸಿ ಸಿದ್ಧಪಡಿಸಿದ ಬಿಸಾಯ-ಸ್ಪ್ಯಾನಿಷ್ ನಿಘಂಟು ಆ ಪರಂಪರೆಯ ಪ್ರೌಢ ಫಲ.

ಪ್ರಭಾವದ ಸ್ವರೂಪ: ಸೆಬುವಾನೊ ಸ್ಪ್ಯಾನಿಷ್ ಪದಗಳನ್ನು ಧಾರಾಳವಾಗಿ ಸ್ವೀಕರಿಸಿತು. ಕುದುರೆ ‘ಕಬಾಯೊ’, ಕಿಟಕಿ ‘ಬಿಂತಾನ’. ಮೇಜಿಗೆ ಸ್ಪ್ಯಾನಿಷ್ ಉಪಪದವೂ ಅಂಟಿಕೊಂಡು ‘ಲಮೇಸ’ ಎಂದಾಯಿತು. ಗಡಿಯಾರದ ಗಂಟೆಗಳನ್ನೂ ವಾರದ ದಿನಗಳನ್ನೂ ಸ್ಪ್ಯಾನಿಷ್ ಹೆಸರುಗಳಿಂದಲೇ ಹೇಳುತ್ತಾರೆ. ಆದರೆ ವಾಕ್ಯದ ಮೂಳೆಕಟ್ಟು ಅಲುಗಲಿಲ್ಲ. ಸಾಮಾನ್ಯ ವಾಕ್ಯದಲ್ಲಿ ಆಖ್ಯಾತವೇ ಮೊದಲು ಬರುತ್ತದೆ. ಕೇಳುವವನನ್ನು ಒಳಗೊಂಡ ‘ನಾವು’ ಎಂಬುದಕ್ಕೆ ‘ಕಿತ’ ಎಂದೂ, ಅವನನ್ನು ಹೊರತುಪಡಿಸಿದ ‘ನಾವು’ ಎಂಬುದಕ್ಕೆ ‘ಕಮಿ’ ಎಂದೂ ತಮಿಳು ತೆಲುಗುಗಳಲ್ಲಿರುವಂತೆಯೇ ಬೇರೆ ಬೇರೆ ರೂಪಗಳಿವೆ. ಶಾಲೆ ಎಂಬರ್ಥದ ಸ್ಪ್ಯಾನಿಷ್ ಪದವೂ ದೇಶೀಯ ಪ್ರತ್ಯಯವನ್ನು ತೊಟ್ಟು ‘ನಗ್-ಎಸ್ಕ್ವೇಲ’ ಎಂಬ ಕ್ರಿಯಾಪದವಾಗುತ್ತದೆ. ಗಲೀಸಿಯನ್ನಿನ ಸಂಕಟ ಇದಕ್ಕಿಂತ ಸೂಕ್ಷ್ಮವಾದುದು. ಗಲೀಸಿಯನ್ ಮತ್ತು ಕ್ಯಾಸ್ಟಿಲಿಯನ್ ಭಾಷೆಗಳ ರಚನೆಯೂ ಪದಸಂಪತ್ತೂ ಅತಿ ನಿಕಟವಾಗಿರುವುದರಿಂದ, ಆಡುವವನ ಅರಿವಿಗೆ ಬಾರದಂತೆಯೇ ಒಂದರ ರೂಪ ಇನ್ನೊಂದರ ಸ್ಥಾನದಲ್ಲಿ ಬಂದು ಕೂರುತ್ತದೆ. ಪ್ರತ್ಯೇಕ ಭಾಷೆಯನ್ನು ಬರಿಯ ಹಳ್ಳಿಯ ಅಪಭ್ರಂಶವೆಂದು ಜರೆಯುವುದಕ್ಕೂ ಈ ಸಾಮೀಪ್ಯವೇ ನೆಪವಾಗುತ್ತದೆ.

ಪುನರುತ್ಥಾನ: 1863ರಲ್ಲಿ ಪ್ರಕಟವಾದ ರೊಸಾಲಿಯ ದೆ ಕಾಸ್ತ್ರೊ ಎಂಬ ಕವಯಿತ್ರಿಯ ‘ಕಾಂತಾರೆಸ್ ಗಲ್ಯೇಗೊಸ್’ ಗಲೀಸಿಯನ್ ಸಾಹಿತ್ಯದ ಪುನರುದಯಕ್ಕೆ ನಾಂದಿಯಾಯಿತು. 1906ರಲ್ಲಿ ಗಲೀಸಿಯನ್ ಅಕಾಡೆಮಿಯೂ, 1916ರಲ್ಲಿ ‘ನುಡಿಯ ಸೋದರಕೂಟಗಳು’ ಎಂಬರ್ಥದ ಹೆಸರಿನ ಸಂಘಗಳೂ ಹುಟ್ಟಿದುವು. ಸ್ಪೇನಿನ ಅಂತರ್ಯುದ್ಧದ ತರುವಾಯ ಸರ್ವಾಧಿಕಾರಿ ಫ್ರಾಂಕೊನ ಆಡಳಿತದಲ್ಲಿ ಭಾಷೆ ಸಾರ್ವಜನಿಕ ಜೀವನದಿಂದ ಹೊರದೂಡಲ್ಪಟ್ಟಿತು. 1981ರ ಸ್ವಾಯತ್ತತಾ ಶಾಸನ ಅದಕ್ಕೆ ಕ್ಯಾಸ್ಟಿಲಿಯನ್ನಿನೊಡನೆ ಅಧಿಕೃತ ಸ್ಥಾನವನ್ನು ಕೊಟ್ಟಿತು. 1983ರ ಭಾಷಾ ಕಾಯಿದೆ ಶಾಲೆಗಳಲ್ಲಿಯೂ ಆಡಳಿತದಲ್ಲಿಯೂ ಅದನ್ನು ನೆಲೆಗೊಳಿಸಿತು.

ಸೆಬುವಾನೊ ಪತ್ರಿಕೋದ್ಯಮ ಅರಳಿದುದು 1898ರಲ್ಲಿ ಸ್ಪೇನಿನ ಆಳ್ವಿಕೆ ಮುಗಿದ ಮೇಲೆ. ವಿಸೆಂತೆ ಸೊತ್ತೊ 1901ರಲ್ಲಿ ‘ಆಂಗ್ ಸುಗ’ ಪತ್ರಿಕೆಯನ್ನು ಆರಂಭಿಸಿದನು. 1930ರಲ್ಲಿ ಹುಟ್ಟಿದ ‘ಬಿಸಾಯ’ ಪತ್ರಿಕೆ ಕಥೆ ಕವಿತೆಗಳಿಗೆ ಆಶ್ರಯವಾಯಿತು. ಆದರೆ ಸ್ಪೇನಿನ ಬಳಿಕ ಬಂದ ಅಮೆರಿಕನ್ನರ ಆಳ್ವಿಕೆಯಲ್ಲಿ ಶಾಲೆ ಇಂಗ್ಲಿಷಿನದಾಯಿತು. 1937ರಲ್ಲಿ ರಾಷ್ಟ್ರಭಾಷೆಗೆ ಫಿಲಿಪ್ಪೀನ್ಸಿನ ಇನ್ನೊಂದು ನುಡಿಯಾದ ತಗಾಲೊಗ್ ಆಧಾರವೆಂದು ಘೋಷಣೆಯಾದಾಗ ಸೆಬುವಾನೊ ಪ್ರಾಂತಭಾಷೆಯಾಗಿ ಉಳಿಯಿತು.

ವರ್ತಮಾನ ಸ್ಥಿತಿ: ಗಲೀಸಿಯನ್ನನ್ನು ಬಲ್ಲವರು 20 ಲಕ್ಷಕ್ಕಿಂತ ಹೆಚ್ಚು, ಸೆಬುವಾನೊ ಆಡುವವರು ಸುಮಾರು 2 ಕೋಟಿ. ಮೊದಲನೆಯದಕ್ಕೆ ಶಾಸನದ ರಕ್ಷೆ, ಅಕಾಡೆಮಿ, ಪಠ್ಯಪುಸ್ತಕ, ದೂರದರ್ಶನ ಎಲ್ಲವೂ ಇದ್ದರೂ ನಗರಗಳ ಕಿರಿಯರಲ್ಲಿ ಅದರ ಬಳಕೆ ಕ್ಷೀಣಿಸುತ್ತಿದೆ. ಎರಡನೆಯದು ಮಿಂಡನಾವೊ ದ್ವೀಪದ ಬಹುಭಾಗದಲ್ಲಿಯೂ ಪರಸ್ಪರ ವ್ಯವಹಾರದ ಭಾಷೆಯಾಗಿ ಹಬ್ಬಿದ್ದರೂ, ಕೆಳತರಗತಿಗಳಲ್ಲಿ 2012ರಿಂದ ಅದಕ್ಕೆ ದೊರೆತಿದ್ದ ಬೋಧನಭಾಷೆಯ ಸ್ಥಾನದ ಕಡ್ಡಾಯವನ್ನು 2024ರ ಶಾಸನ ತೆಗೆದುಹಾಕಿತು. ಜನಬಾಹುಳ್ಯ ಭಾಷೆಗೆ ಪದವಿಯನ್ನು ತಾನಾಗಿ ತರಲಾರದು; ಪದವಿ ಮನೆಮಾತನ್ನು ತಾನಾಗಿ ಕಾಯಲಾರದು. ಈ ಎರಡು ನುಡಿಗಳಲ್ಲಿ ಪ್ರತಿಯೊಂದಕ್ಕೂ ಕೊರತೆಯಾಗಿರುವುದು ಇನ್ನೊಂದರ ಬಳಿಯಿರುವ ಸಂಪತ್ತು. ಮಕ್ಕಳು ಮನೆಯಲ್ಲಿ ಆಡುವ ಮಾತೇ ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಗೌರವ ಪಡೆದಾಗ ಮಾತ್ರ ಭಾಷೆ ಭದ್ರವಾಗುತ್ತದೆಂಬುದನ್ನು ಇವುಗಳ ಚರಿತ್ರೆ ಎರಡು ದಿಕ್ಕುಗಳಿಂದ ತೋರಿಸಿಕೊಡುತ್ತದೆ.