ಹೈದರಾಬಾದಿನ ಬಯಲು ಬಂದೀಖಾನೆ: ವೆಚ್ಚ ಮತ್ತು ಪ್ರಯೋಜನಗಳ ವಿಚಾರ

ಶಿಕ್ಷೆ ಮುಗಿಸಿ ಹೊರಬಂದ ವ್ಯಕ್ತಿ ಮತ್ತೆ ಅಪರಾಧಕ್ಕೆ ಇಳಿಯದಂತೆ ಮಾಡುವ ಸುಧಾರಣಾ ಕಾರ್ಯಗಳಿಗೆ ಸರ್ಕಾರ ಮಾಡುವ ವೆಚ್ಚ ಸಾರ್ಥಕವೇ? ಈ ಪ್ರಶ್ನೆಯನ್ನು ಹೈದರಾಬಾದಿನ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸುಧಾರಣೆಯ ವೆಚ್ಚ ಬಂದೀಖಾನೆ ಇಲಾಖೆಯ ಲೆಕ್ಕಪುಸ್ತಕದಲ್ಲಿ ದಾಖಲಾಗುತ್ತದೆ. ಅದರ ಫಲದ ಬಹುಭಾಗ ಇಲಾಖೆಯ ಹೊರಗೆ ಸಲ್ಲುತ್ತದೆ. ಈ ಅಂತರವನ್ನು ಗಮನಿಸದೆ ಮಾಡಿದ ಲೆಕ್ಕ ಅಪೂರ್ಣವೆಂಬುದು ನಮ್ಮ ಅಭಿಪ್ರಾಯ.

1894ರ ಬಂದೀಖಾನೆ ಅಧಿನಿಯಮದ ಗಮನವೆಲ್ಲ ಕಾವಲು ಮತ್ತು ಶಿಸ್ತಿನ ಮೇಲಿತ್ತು. 1919–20ರ ಭಾರತೀಯ ಬಂದೀಖಾನೆ ಸಮಿತಿಯು ಅಪರಾಧಿಯ ಸುಧಾರಣೆಗೂ ಸ್ಥಾನ ನೀಡಿತು. ಸ್ವಾತಂತ್ರ್ಯಾನಂತರ, 1950ರ ದಶಕದಲ್ಲಿ, ಉತ್ತರ ಪ್ರದೇಶದಲ್ಲಿ ಸಂಪೂರ್ಣಾನಂದರ ಹೆಸರಿನ ಬಯಲು ಶಿಬಿರಗಳು ನಡೆದವು. ಅದೇ ದಶಕದಲ್ಲಿ ಹೈದರಾಬಾದಿನ ಮೌಲಾ ಅಲಿಯಲ್ಲಿಯೂ ಬಯಲು ಬಂದೀಖಾನೆ ಆರಂಭವಾಯಿತು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಕನ್ನಡ ಸಂಶೋಧಕರಿಗೆ ಈ ಆಡಳಿತದ ಇತಿಹಾಸ ಹೊರಗಿನದೇನಲ್ಲ. ಚೆರ್ಲಪಲ್ಲಿಯ ಬಂದಿಗಳ ಕೃಷಿ ಕಾಲನಿಯು ಇದೇ ಚಿಂತನೆಗೆ ಸೇರಿದ್ದು.

ಇಂತಹ ಕಾಲನಿಯ ಎರಡು ಲಾಭಗಳು ಸ್ಪಷ್ಟವಾಗಿವೆ. ಎತ್ತರದ ಗೋಡೆ ಮತ್ತು ಹೆಚ್ಚಿನ ಕಾವಲಿನ ಖರ್ಚು ಉಳಿಯುತ್ತದೆ. ಬಂದಿಗಳ ದುಡಿಮೆಯಿಂದ ಬೆಳೆ ಬರುತ್ತದೆ. ಅಪರಾಧದ ಪುನರಾವರ್ತನೆ ತಗ್ಗುತ್ತದೆಂಬ ಮೂರನೆಯ ಲಾಭವನ್ನು ಮಾತ್ರ ಎಚ್ಚರಿಕೆಯಿಂದ ಒಪ್ಪಬೇಕಾಗುತ್ತದೆ. ಶಿಕ್ಷೆಯ ಒಂದು ಭಾಗವನ್ನು ಸನ್ನಡತೆಯಿಂದ ಕಳೆದವರನ್ನು ಮಾತ್ರ ಸಾಮಾನ್ಯವಾಗಿ ಬಯಲು ಬಂದೀಖಾನೆಗೆ ಆರಿಸಲಾಗುತ್ತದೆ. ರೂಢಿಗತ ಅಪರಾಧಿಗಳಿಗೆ ಅಲ್ಲಿ ಪ್ರವೇಶವಿರುವುದಿಲ್ಲ. ಹೀಗೆ ಆಯ್ದವರು ಮತ್ತೆ ತಪ್ಪು ಮಾಡಲಿಲ್ಲವೆಂದರೆ, ಅದು ಕಾಲನಿಯ ಫಲವೋ ಆಯ್ಕೆಯ ಫಲವೋ ಎಂಬ ಪ್ರಶ್ನೆ ಉಳಿಯುತ್ತದೆ. ಅರ್ಹತೆಯಿದ್ದೂ ಅಲ್ಲಿಗೆ ಹೋಗದೆ ಉಳಿದವರೊಡನೆ ಇವರನ್ನು ಹೋಲಿಸಿದಾಗಲೇ ಉತ್ತರ ದೊರೆತೀತು.

ನ್ಯಾಯಾಲಯಗಳು ಈ ಲೆಕ್ಕಕ್ಕೆ ಬೇರೊಂದು ಆಯಾಮವನ್ನು ಸೇರಿಸಿವೆ. ಆಂಧ್ರಪ್ರದೇಶದಿಂದ ಹೋದ ವಂಚನೆಯ ಪ್ರಕರಣವೊಂದರಲ್ಲಿ 1977ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಮೂರು ವರ್ಷದ ಶಿಕ್ಷೆಯನ್ನು 18 ತಿಂಗಳಿಗೆ ಇಳಿಸಿ, ಬಂದಿಗೆ ತಕ್ಕ ಕೆಲಸವನ್ನೂ ಕೂಲಿಯನ್ನೂ ಕೊಡಬೇಕೆಂದರು. ಬಂದಿಗಳಿಗೆ ನ್ಯಾಯೋಚಿತ ಕೂಲಿ ಸಲ್ಲಬೇಕು, ಅದರಲ್ಲೊಂದು ಪಾಲು ಅಪರಾಧಕ್ಕೆ ಬಲಿಯಾದವರ ಪರಿಹಾರಕ್ಕೆ ಹೋಗಬೇಕು ಎಂಬ ನಿಲುವನ್ನು ಅದೇ ನ್ಯಾಯಾಲಯ 1998ರಲ್ಲಿ ತಳೆಯಿತು. ಕೂಲಿ ಇಲಾಖೆಗೆ ವೆಚ್ಚ; ಬಂದಿಯ ಮನೆಯವರಿಗೆ ಅನ್ನ; ನೊಂದವರಿಗೆ ಅಲ್ಪವಾದರೂ ಪರಿಹಾರ. ಒಂದೇ ಹಣ ಮೂರು ಕಡೆ ಮೂರು ಅರ್ಥ ಪಡೆಯುತ್ತದೆ.

2014ರಲ್ಲಿ ತೆಲಂಗಾಣ ರಾಜ್ಯ ರಚನೆಯಾದ ಬಳಿಕ ಅಲ್ಲಿನ ಬಂದೀಖಾನೆ ಇಲಾಖೆ ನಡೆಸುವ ಪೆಟ್ರೋಲ್ ಬಂಕುಗಳು ಹೆಸರು ಪಡೆದಿವೆ. ಅವುಗಳ ವಹಿವಾಟು ಪ್ರಶಂಸನೀಯವೇ. ಆದರೆ ಬಂಕಿನ ಲಾಭ ವ್ಯಾಪಾರದ ಅಳತೆ. ಅಲ್ಲಿ ದುಡಿದವನು ಬಿಡುಗಡೆಯ ನಂತರ ಹೇಗೆ ಬಾಳಿದನೆಂಬುದು ಸುಧಾರಣೆಯ ಅಳತೆ. ಅಮೆರಿಕದ ರ್‍ಯಾಂಡ್ ಸಂಸ್ಥೆಯ 2013ರ ಅಧ್ಯಯನದಂತೆ, ಸೆರೆಮನೆಯ ಶಿಕ್ಷಣಕ್ಕೆ ಒಂದು ಡಾಲರ್ ವ್ಯಯಿಸಿದರೆ ಮೂರು ವರ್ಷಗಳಲ್ಲಿ ಮರುಸೆರೆವಾಸದ ವೆಚ್ಚದಲ್ಲಿ ನಾಲ್ಕರಿಂದ ಐದು ಡಾಲರ್ ಉಳಿಯುತ್ತದೆ. ತಪ್ಪಿದ ಅಪರಾಧಗಳಿಂದ ಜನರಿಗಾದ ಉಳಿತಾಯ ಅದರಲ್ಲಿ ಸೇರಿಲ್ಲ. ಆದರೂ ಈ ಅಂಕಿಯನ್ನು ನಮ್ಮ ದೇಶಕ್ಕೆ ಹಾಗೆಯೇ ಅನ್ವಯಿಸಲಾಗದು. ಇಲ್ಲಿ ಸೆರೆಯಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಬಂದಿಗಳೆಂದು 2022ರ ರಾಷ್ಟ್ರೀಯ ಅಂಕಿಅಂಶಗಳು ತಿಳಿಸುತ್ತವೆ. ಬಿಡುಗಡೆಯ ದಿನವೇ ಗೊತ್ತಿಲ್ಲದವರಿಗೆ ಶಿಕ್ಷಿತರಿಗೆಂದು ರೂಪಿಸಿದ ತರಬೇತಿ ಅಷ್ಟಾಗಿ ತಲುಪದು.

ಆದುದರಿಂದ ಬಿಡುಗಡೆಯಾದವರ ಮುಂದಿನ ಕೆಲವು ವರ್ಷಗಳ ಸ್ಥಿತಿಗತಿಯನ್ನು ಅವರ ಮರ್ಯಾದೆಗೆ ಧಕ್ಕೆಯಾಗದಂತೆ ದಾಖಲಿಸುವುದು ಮೊದಲು ಆಗಬೇಕಾದ ಕೆಲಸ. ಅಂತಹ ದಾಖಲೆಯಿಲ್ಲದಿದ್ದರೆ ಒಳ್ಳೆಯ ಯೋಜನೆಯೊಂದು ಖರ್ಚಿನ ನೆಪದಲ್ಲಿ ನಿಂತುಹೋಗಬಹುದು, ನಿಷ್ಫಲವಾದದ್ದು ಹೊಗಳಿಕೆಯ ಬಲದಿಂದಲೇ ಮುಂದುವರಿಯಬಹುದು. ಎರಡರ ನಷ್ಟವನ್ನೂ ತೆರುವವರು ಬಂದಿಯ ಮನೆಯವರು ಮತ್ತು ಮುಂದೊಂದು ಅಪರಾಧಕ್ಕೆ ಬಲಿಯಾಗಬಹುದಾದ ಅಪರಿಚಿತರು.