ಫೈಲ್ ಹೆಸರು ಬದಲಿಸಿದರೆ ಹಾಡಿನ ಹೆಸರೂ ಬದಲಾಗುತ್ತದೆಯೇ? ಇಲ್ಲಿದೆ ವಾಸ್ತವ

ದಾಬಸ್‌ಪೇಟೆಯಿಂದ ತುಮಕೂರು ಕಡೆ ಹೊರಟ ಕಾರಿನಲ್ಲಿ ಪೆನ್‌ಡ್ರೈವ್ ಹಾಕುತ್ತೀರಿ. ಹೆಸರುಗಳನ್ನೆಲ್ಲ ತಿದ್ದಿಟ್ಟಿದ್ದರೂ ಪರದೆಯ ಮೇಲೆ ಬರುವುದು ಯಾವುದೋ ವೆಬ್‌ಸೈಟ್ ಹೆಸರು, ಇಲ್ಲವೇ ಬರೀ ಪ್ರಶ್ನಾರ್ಥಕ ಚಿಹ್ನೆ. ಇದೇಕೆ ಹೀಗೆ?

ಹೇಳಿಕೆ 1: ಫೈಲ್ ಹೆಸರು ತಿದ್ದಿದರೆ ಸಾಕು

ಸಾಲದು. ಎಂಪಿ3 ಫೈಲ್‌ನ ಒಳಗೆ ಐಡಿ3 ಎಂಬ ಟ್ಯಾಗ್ ಇರುತ್ತದೆ. ಶೀರ್ಷಿಕೆ, ಕಲಾವಿದರು, ಆಲ್ಬಂ, ಹಾಡಿನ ಸಂಖ್ಯೆ ಎಲ್ಲವೂ ಅಲ್ಲಿರುತ್ತವೆ. ಹೆಚ್ಚಿನ ಪ್ಲೇಯರ್‌ಗಳು ಓದುವುದು ಅದನ್ನೇ.

1996ರ ಮೊದಲ ಐಡಿ3ಯಲ್ಲಿ ಒಟ್ಟು 128 ಬೈಟ್ ಜಾಗ, ಶೀರ್ಷಿಕೆಗೆ 30 ಬೈಟ್ ಮಾತ್ರ. ಲ್ಯಾಟಿನ್ ಅಕ್ಷರಗಳಿಗೆಂದೇ ಮಾಡಿದ ವ್ಯವಸ್ಥೆ ಅದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. 'ನಿತ್ಯೋತ್ಸವ' ಎಂಬ ಒಂದೇ ಪದಕ್ಕೆ ಪೂರ್ತಿ 30 ಬೈಟ್ ಖರ್ಚು! 1998ರಲ್ಲಿ ಬಂದ ಎರಡನೇ ಆವೃತ್ತಿ ಯುನಿಕೋಡ್ ಒಪ್ಪುತ್ತದೆ. ಆದರೂ ಹಳೆಯ ಪ್ಲೇಯರ್‌ಗಳು ಕನ್ನಡ ತೋರಿಸದೇ ಇರಬಹುದು.

ಹೇಳಿಕೆ 2: ಟ್ಯಾಗ್ ಮುಟ್ಟಿದರೆ ಧ್ವನಿ ಕೆಡುತ್ತದೆ

ತಪ್ಪು. ಟ್ಯಾಗ್ ಬೇರೆ, ಧ್ವನಿಯ ದತ್ತಾಂಶ ಬೇರೆ. ಹಾಗೆಯೇ, ಹೆಸರಿನಲ್ಲಿ '320' ಎಂದು ಸೇರಿಸಿದ ಮಾತ್ರಕ್ಕೆ ಗುಣಮಟ್ಟ ಹೆಚ್ಚುವುದೂ ಇಲ್ಲ.

ಇದು ಯಾಕೆ ಮುಖ್ಯ?

ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು 1978ರಲ್ಲಿ. ಸಂಗೀತ ಮೈಸೂರು ಅನಂತಸ್ವಾಮಿ ಅವರದು. ಕ್ಯಾಸೆಟ್ ಹೊದಿಕೆ ಇಲ್ಲದ ಎಂಪಿ3ಯಲ್ಲಿ ಇಂಥ ವಿವರ ಉಳಿಯಲು ಇರುವ ಜಾಗ ಟ್ಯಾಗ್ ಒಂದೇ. ಸಾಹಿತ್ಯ ಬರೆದವರಿಗೆ, ಸಂಯೋಜಕರಿಗೆ ಅದರಲ್ಲಿ ಬೇರೆ ಬೇರೆ ಅಂಕಣಗಳಿವೆ. ಅವು ಖಾಲಿ ಇದ್ದರೆ ಹಾಡು ಫಾರ್ವರ್ಡ್ ಆಗುತ್ತಾ ಆಗುತ್ತಾ ಕವಿಯ ಹೆಸರೇ ಕಳೆದುಹೋಗುತ್ತದೆ, ಅಥವಾ ಇನ್ಯಾರದೋ ಹೆಸರು ಅಂಟಿಕೊಳ್ಳುತ್ತದೆ.

ಸರಿಪಡಿಸುವುದು ಹೇಗೆ?

ನೂರಾರು ಹಾಡಿದ್ದರೆ ಕಂಪ್ಯೂಟರ್‌ನಲ್ಲಿ ಕಮಾಂಡ್ ಲೈನ್ ಸಾಧನ ಅನುಕೂಲ. ಇಲ್ಲಿ ಗುಂಡಿ ಒತ್ತುವ ಬದಲು ಆದೇಶ ಟೈಪ್ ಮಾಡಬೇಕು. ಉಚಿತವಾಗಿ ಸಿಗುವ 'ಬೀಟ್ಸ್' ಅಂಥದ್ದೊಂದು.

• ಮೊದಲು ಹಾಡುಗಳ ಇನ್ನೊಂದು ಪ್ರತಿ ತೆಗೆದಿಡಿ.
• ಒಂದು ಆಲ್ಬಂಗೆ ಒಂದು ಫೋಲ್ಡರ್ ಮಾಡಿ.
• 'ಬೀಟ್ ಇಂಪೋರ್ಟ್' ಆದೇಶದ ಮುಂದೆ ಫೋಲ್ಡರ್‌ನ ವಿಳಾಸ ಕೊಡಿ. ಅದು ಮ್ಯೂಸಿಕ್‌ಬ್ರೈನ್ಜ್ ಎಂಬ ಮುಕ್ತ ದತ್ತಸಂಚಯದಲ್ಲಿ ಹುಡುಕಿ, ಶೇಕಡಾ ಎಷ್ಟು ಹೊಂದಿಕೆಯಾಗುತ್ತದೆ ಎಂದು ತೋರಿಸುತ್ತದೆ.
• ಹೊಂದಿಕೆ ಕಡಿಮೆ ಇದ್ದರೆ ಒಪ್ಪಬೇಡಿ. ಹಳೆಯ ಕನ್ನಡ ಕ್ಯಾಸೆಟ್ ಸಿಗದಿದ್ದರೆ ಹೊದಿಕೆ ನೋಡಿ 'ಐಡಿ3' ತಿದ್ದುವ ಸಾಧನದಲ್ಲಿ ನೀವೇ ತುಂಬಿ. ಆ ಪಟ್ಟಿಯನ್ನು ಮ್ಯೂಸಿಕ್‌ಬ್ರೈನ್ಜ್‌ಗೂ ಸೇರಿಸಬಹುದು.
• ಫೈಲ್ ಹೆಸರಿನಲ್ಲಿ 1, 2 ಬದಲು 01, 02 ಎಂದು ಬರೆಯಿರಿ. ಇಲ್ಲದಿದ್ದರೆ ಕೆಲವು ಪ್ಲೇಯರ್‌ಗಳಲ್ಲಿ 1 ಆದಮೇಲೆ 10 ಬರುತ್ತದೆ.

'ಹಾಡು ಸರಿಪಡಿಸುವ ಆ್ಯಪ್' ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್‌ನಿಂದ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ.

ಒಟ್ಟಾರೆ ಹೇಳುವುದಾದರೆ: ಫೈಲ್ ಹೆಸರು ಬದಲಿಸಿದರೆ ಟ್ಯಾಗ್ ಬದಲಾಗುವುದಿಲ್ಲ. ಹಾಡು ಹಂಚುವ ಮುನ್ನ ಕವಿಯ ಹೆಸರು ಸರಿಯಿದೆಯೇ ಎಂದು ಒಮ್ಮೆ ನೋಡಿ.