ಐದರ ಮೇಲಿನ ಉಬ್ಬು

ಹಳೆಯ ಕೀಪ್ಯಾಡ್ ಫೋನಿನಲ್ಲಿ 5ರ ಮೇಲೊಂದು ಪುಟ್ಟ ಉಬ್ಬು ಇರುತ್ತಿತ್ತು. ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡಿದ್ದ ಅಪ್ಪ ಅದನ್ನೇ ತಡವಿ ಹಿಡಿದು, ಧಾರವಾಡದಿಂದ ಪುಣೆಗೆ ನನಗೆ ಫೋನ್ ಮಾಡುತ್ತಿದ್ದರು. 2014ರಲ್ಲಿ ಸ್ಮಾರ್ಟ್‌ಫೋನ್ ಕೊಡಿಸಿದೆ. ಮುಟ್ಟಿ ನೋಡಿ, “ಇದರಾಗ ಕೈಗೆ ಏನೂ ಸಿಗವಲ್ದಪಾ” ಎಂದು ಹಿಂದಿರುಗಿಸಿದರು.

ಈ ನುಣುಪು ಗಾಜಿನ ತೊಡಕು ಬಿಡಿಸಲು ಕೂತವರಲ್ಲಿ ಪುಣೆಯಲ್ಲೇ ಹುಟ್ಟಿದ ಟಿ. ವಿ. ರಾಮನ್ ಒಬ್ಬರೆಂದು ಆಮೇಲೆ ಓದಿದೆ. ಅವರಿಗೂ ಗ್ಲಾಕೋಮಾ, 14ನೇ ವಯಸ್ಸಿಗೆ ದೃಷ್ಟಿ ಹೋಯಿತು. ಐಐಟಿ ಬಾಂಬೆಯಲ್ಲಿ ಓದಿದರು. ಗಣಿತದ ಬರಹವನ್ನು ಓದಿ ಹೇಳುವ ತಂತ್ರಾಂಶ ರೂಪಿಸಿ 1994ರಲ್ಲಿ ಕಾರ್ನೆಲ್‌ನಿಂದ ಡಾಕ್ಟರೇಟ್ ಪಡೆದರು. 2005ರಲ್ಲಿ ಗೂಗಲ್ ಸೇರಿ, ಚಾರ್ಲ್ಸ್ ಚೆನ್ ಜೊತೆ ಒಂದು ಸರಳ ಉಪಾಯ ಮಾಡಿದರು: ಬೆರಳು ಮೊದಲು ಎಲ್ಲಿ ತಾಗುತ್ತದೋ ಅದೇ 5. ಅಲ್ಲಿಂದ ಮೇಲೆ ಜಾರಿಸಿದರೆ 2, ಕೆಳಗೆ ಜಾರಿಸಿದರೆ 8. ಉಬ್ಬು ಗಾಜಿನ ಮೇಲಿರಬೇಕಾಗಿಲ್ಲ, ಬೆರಳಿದ್ದಲ್ಲಿಗೇ ಬರುತ್ತದೆ.

ಅದಕ್ಕೂ ಮುಂಚೆ ನೋಕಿಯಾ ಫೋನುಗಳಿಗೆ ಓದಿ ಹೇಳುವ ತಂತ್ರಾಂಶವನ್ನು ಪ್ರತ್ಯೇಕವಾಗಿ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 2009ರಲ್ಲಿ ಐಫೋನ್ 3ಜಿಎಸ್ ತನ್ನೊಳಗೇ ವಾಯ್ಸ್‌ಓವರ್ ಇಟ್ಟುಕೊಂಡು ಬಂತು: ಬೆರಳಾಡಿಸಿದರೆ ಅಡಿಯಲ್ಲಿರುವುದನ್ನು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಅದೇ ವರ್ಷ ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಬಂತು. ಹೀಗೆ ಬೆರಳಾಡಿಸಿ ಕೇಳುವ ಅನುಕೂಲ ಅದಕ್ಕೆ 2011ರಲ್ಲಿ, 4.0 ಆವೃತ್ತಿಯೊಂದಿಗೆ ಸೇರಿತು.

ಅಂದರೆ ಅಪ್ಪ ಹಿಂದಿರುಗಿಸಿದ ಫೋನಿನಲ್ಲಿ ಆ ದನಿ ಆಗಲೇ ಇತ್ತು. ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಡಬೇಕಿತ್ತು, ಅಷ್ಟೆ. ಕಣ್ಣು ಕಾಣುವ ನಾನು ಅದನ್ನು ನೋಡಿರಲಿಲ್ಲ. ಎರಡು ವರ್ಷ ಆ ಫೋನ್ ನಮ್ಮ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು.